ಮನೆಗೆ ಕಳೆ ಬಂತು

ಮನೆಗೆ ಸ್ವಲ್ಪ ಕಳೆ ಬರಲಿ, ಟೆರೇಸಿನಲ್ಲಿ ಶಂಕರಪುರ ಮಲ್ಲಿಗೆ ಇಡೋಣ ಎಂದಳು ಹೆಂಡತಿ. ಇಟ್ಟೆವು. ಜೂನ್ ಮೊದಲ ವಾರದಲ್ಲೇ ಕಳೆ ಬಂತು. 18 ಚಟ್ಟಿಯಲ್ಲೂ ಬಂತು.

ನನ್ನದು ಬೇರೆ ಲೆಕ್ಕ ಇತ್ತು. ನಮ್ಮ ಉಡುಪಿಯಲ್ಲಿ ಮಲ್ಲಿಗೆ ಮಾರುವುದು ಅಟ್ಟೆಯ ಲೆಕ್ಕದಲ್ಲಿ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಮದುವೆ ಸೀಸನ್ನಿನಲ್ಲಿ ಅಟ್ಟೆಯ ರೇಟು ಕೇಳಿದರೆ ಚಿನ್ನದಂಗಡಿಯವರೂ ಒಮ್ಮೆ ತಿರುಗಿ ನೋಡುತ್ತಾರೆ. ಗಿಡ ಚಿಗುರುವ ಮೊದಲೇ ನಾನು ಮನಸ್ಸಿನಲ್ಲಿ ಎರಡು ಅಟ್ಟೆ ಮಾರಿ ಮುಗಿಸಿದ್ದೆ.

ಆದರೆ ಚಿಗುರಿದ್ದು ಕಿರುನೆಲ್ಲಿ. ಅದರ ಪಕ್ಕದಲ್ಲಿ ಮೂರೆಲೆಯ ಹುಳಿ ಸೊಪ್ಪು. ಅದರ ಕಾಯಿ ನೋಡಲು ಪಾಪದ್ದು, ಮುಟ್ಟಿದರೆ ಪಟ್ಟನೆ ಒಡೆದು ಬೀಜ ಪಕ್ಕದ ಚಟ್ಟಿಗೆ ಹಾರುತ್ತದೆ. ಅಂದರೆ ಕೀಳಲು ಹೋದ ನಾನೇ ಬಿತ್ತನೆ ಮಾಡಿ ಬರುತ್ತಿದ್ದೆ. ಇನ್ನು ಜೇಕು. ಮೇಲೆ ಎಳೆದರೆ ಹುಲ್ಲು ಮಾತ್ರ ಕೈಗೆ ಬರುತ್ತದೆ, ಗಡ್ಡೆ ಒಳಗೆ ಆರಾಮವಾಗಿ ಕುಳಿತಿರುತ್ತದೆ. ನಾಲ್ಕು ದಿನ ಬಿಟ್ಟು ನೋಡಿದರೆ ಅದೇ ಜಾಗದಲ್ಲಿ ಮತ್ತೆ ಹಾಜರ್.

ಮೂರು ಮಾಳಿಗೆ ಹತ್ತಿ ಇವೆಲ್ಲ ಬಂದದ್ದಾದರೂ ಹೇಗೆ? ಹೊತ್ತು ತಂದವನು ನಾನೇ. ಕಡಿಮೆ ರೇಟಿಗೆ ಸಿಕ್ಕಿತೆಂದು ಸರಿಯಾಗಿ ಕೊಳೆಯದ ಹಟ್ಟಿಗೊಬ್ಬರ ತಂದು ಸುರಿದಿದ್ದೆ. ದನ ಹುಲ್ಲಿನ ಜೊತೆ ಬೀಜವನ್ನೂ ತಿನ್ನುತ್ತದೆ, ಅದರಲ್ಲಿ ಕೆಲವು ಹೊಟ್ಟೆಯಲ್ಲೂ ಸಾಯುವುದಿಲ್ಲ. ದನ ಮೇಯ್ದ ಗುಡ್ಡೆ ಇಡಿಯಾಗಿ ನಮ್ಮ ಟೆರೇಸಿಗೆ ಬಂದಿತ್ತು.

ಅಮ್ಮನಿಗೆ ಫೋನ್ ಮಾಡಿದೆ. "ಸುಡುಮಣ್ಣು ಹಾಕ್ಲಿಲ್ವಾ ನೀನು?" ಎಂದರು, ಅನ್ನಕ್ಕೆ ಉಪ್ಪು ಹಾಕಲಿಲ್ವಾ ಎನ್ನುವ ಹಾಗೆ. ಊರಿನಲ್ಲಿ ತರಗೆಲೆ, ಕಸಕಡ್ಡಿಯ ಮೇಲೆ ಮಣ್ಣು ಪೇರಿಸಿ, ಒಳಗಿಂದ ನಿಧಾನಕ್ಕೆ ಹೊಗೆಯಾಡಿಸುತ್ತಾರೆ. ಕಳೆಯ ಬೀಜ ಬೆಂದು ಹೋಗುತ್ತದೆ. ಆ ಮಣ್ಣು ತರಕಾರಿಗೂ ಮಲ್ಲಿಗೆಗೂ ಒಳ್ಳೆಯದು. ಟೆರೇಸಿನಲ್ಲಿ ಹೊಗೆ ಹಾಕಿದರೆ ಕೆಳಗಿನ ಮನೆಯವರು ಫೈರ್ ಇಂಜಿನ್ ಕರೆಸಿಯಾರು ಎಂದು ನಾನು ಹೆಂಡತಿ ಇಲ್ಲದ ಹೊತ್ತು ನೋಡಿ ಗ್ಯಾಸಿನ ಮೇಲೆ ಬಾಣಲೆ ಇಟ್ಟೆ. ಮೊದಲ ಮಳೆಯ ಪರಿಮಳ ಬಂದೀತು ಎಂಬ ಆಸೆ ಇತ್ತು. ಬಂದದ್ದು ಹಟ್ಟಿಗೇ ಬೆಂಕಿ ಬಿದ್ದಂಥ ವಾಸನೆ. ಎರಡು ಗಂಟೆ ಹುರಿದು ಅರ್ಧ ಚಟ್ಟಿ ಮಣ್ಣು ತಯಾರಾಯಿತು. ಅದು ಗೋಳಿಬಜೆಯ ಬಾಣಲೆ ಎಂದು ಆಮೇಲೆ ಗೊತ್ತಾಯಿತು. ಈಗ ಅದು ಮಣ್ಣಿನ ಬಾಣಲೆ. ಗೋಳಿಬಜೆಗೆ ಹೊಸದು ತಂದುಕೊಟ್ಟೆ.

ಪಕ್ಕದ ಮನೆಯಲ್ಲಿ ರಿಟೈರ್ ಆದ ಮಾಸ್ಟ್ರು ಒಬ್ಬರಿದ್ದಾರೆ. ಅವರ ಟೆರೇಸಿನಿಂದ ನಮ್ಮ ಟೆರೇಸು ಚೆನ್ನಾಗಿ ಕಾಣುತ್ತದೆ. ಅದೇ ತೊಂದರೆ. "ಕಳೆಗೆ ಬೆಳಕು ಸಿಗಬಾರದು ಮಾರಾಯ್ರೆ. ಎರಡು ಇಂಚು ದಪ್ಪಕ್ಕೆ ಎಂತಾದ್ರೂ ಮುಚ್ಚಿ. ಬುಡಕ್ಕೆ ಮಾತ್ರ ತಾಗಿಸ್ಬೇಡಿ, ಕೊಳೀತದೆ" ಎಂದರು. ಮಾತು ಸರಿಯೇ. ಸಣ್ಣ ಸಣ್ಣ ಕಳೆಬೀಜ ತುಂಬಾ ಮಟ್ಟಿಗೆ ಬೆಳಕು ಕಂಡರೇ ಮೊಳೆಯುವುದು.

ತೆಂಗಿನ ಸಿಪ್ಪೆಗೆ ನಮ್ಮಲ್ಲಿ ಬರವೇ? ಚೂರು ಮಾಡಿ 18 ಚಟ್ಟಿಗೂ ಬಾಯಿ ತನಕ ತುಂಬಿಸಿದೆ. ಬಾಯಿಯಿಂದ ಒಂದು ಇಂಚು ಕೆಳಗೆ ನಿಲ್ಲಿಸಬೇಕು ಎಂದು ಮಾಸ್ಟ್ರು ಹೇಳಿರಲಿಲ್ಲ. ಅಥವಾ ಹೇಳಿದ್ದರೋ ಏನೋ, ನಾನು ಕೇಳಿರಲಿಲ್ಲ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ಇದು. ಒಂದು ರಾತ್ರಿಯ ಮಳೆಗೆ ಸಿಪ್ಪೆಗಳೆಲ್ಲ ಚಟ್ಟಿ ಬಿಟ್ಟು ದೋಣಿಯ ಹಾಗೆ ಹೊರಟವು. ಸೀದಾ ಹೋಗಿ ನೀರು ಇಳಿಯುವ ಪೈಪಿನ ಬಾಯಲ್ಲಿ ಕುಳಿತವು. ಬೆಳಿಗ್ಗೆ ಟೆರೇಸು ಕೆರೆಯಾಗಿತ್ತು, ಮೆಟ್ಟಿಲು ಜಲಪಾತವಾಗಿತ್ತು. ನಾನು ಮುಂಡು ಎತ್ತಿ ಕಟ್ಟಿ ಪೈಪಿಗೆ ಕೈ ಹಾಕಿ ನಿಂತಿದ್ದಾಗ ಆಚೆ ಟೆರೇಸಿನಿಂದ ಮಾಸ್ಟ್ರು ಕೊಡೆ ಹಿಡಿದು, "ಮೀನು ಉಂಟಾ?" ಎಂದು ಕೇಳಿದರು.

ತೇಲದ ವಸ್ತು ಬೇಕಿತ್ತು. ಬೈಹುಲ್ಲು ಆದೀತು ಎಂದು ನನಗೇ ಹೊಳೆಯಿತು. ಒಂದಕ್ಕೊಂದು ಹೆಣೆದುಕೊಂಡು ಮಲಗುತ್ತದಲ್ವಾ? ನಾಲ್ಕು ಸೂಡಿ ತಂದು ಹಾಸಿದೆ. ಚಟ್ಟಿಗಳು ಬಾಣಂತಿಯ ಹಾಸಿಗೆಯ ಹಾಗೆ ಬೆಚ್ಚಗೆ ಕಂಡವು. ಕಿರುನೆಲ್ಲಿ ತೆಪ್ಪಗಾಯಿತು. ಒಂದು ವಾರ ನಾನು ಸಿಕ್ಕಿದವರಿಗೆಲ್ಲ ಬೈಹುಲ್ಲಿನ ಗುಣಗಾನ ಮಾಡಿದೆ.

ಎಂಟನೇ ದಿನ ಹುಲ್ಲಿನ ನಡುವೆ ಸೂಜಿಯಂಥ ಹಸಿರು ಮೊಳಕೆ ಕಂಡಿತು. ಎಲ್ಲ ಚಟ್ಟಿಯಲ್ಲೂ ಒಂದೇ ಎತ್ತರ, ಒಂದೇ ಬಣ್ಣ. ಇದೆಂಥ ಹೊಸ ಕಳೆ ಎಂದು ಬಗ್ಗಿ ನೋಡುತ್ತಿದ್ದಾಗ ಮಾಸ್ಟ್ರ ಸ್ವರ ಬಂತು. "ಅದು ಭತ್ತ ಮಾರಾಯ್ರೆ! ಸರಿಯಾಗಿ ಬಡಿಯದ ಹುಲ್ಲು ತಂದಿದ್ದೀರಿ ನೀವು. ಎಂಒ-4 ತಳಿ ಇರ್ಬೇಕು, ಕೆಂಪಕ್ಕಿ. ನಾಟಿ ಯಾವಾಗ?"

ಕಿತ್ತು ಬಿಸಾಡಲು ಕೂತೆ. ಹೆಂಡತಿ ಕೈ ಹಿಡಿದಳು. "ಅನ್ನದ ಗಿಡ ಕೀಳ್ತಾರಾ ಯಾರಾದ್ರೂ?" ಕೊನೆಗೆ ರಾಜಿಯಾಯಿತು. ಭತ್ತಕ್ಕೆ ನೀರು ನಿಲ್ಲಬೇಕು, ಮಲ್ಲಿಗೆಗೆ ನಿಲ್ಲಬಾರದು. ಹಾಗಾಗಿ ತಳದ ತೂತಿಗೆ ಬೇರು ಸಿಕ್ಕಿ ನೀರು ಕಟ್ಟಿಕೊಂಡು, ಹೇಗೂ ಮಲ್ಲಿಗೆ ಕೊಳೆತುಹೋಗಿದ್ದ ಎರಡು ಚಟ್ಟಿಯನ್ನು ಭತ್ತಕ್ಕೆ ಬಿಟ್ಟುಕೊಟ್ಟೆವು. ಉಳಿದ 16ರಲ್ಲಿ ಕಿತ್ತೆ. ಒದ್ದೆ ಹುಲ್ಲಿನ ಅಡಿಯಲ್ಲಿ ಬಸವನಹುಳುಗಳ ಸಂಸಾರ ಇತ್ತು. ಅದನ್ನು ವಿವರಿಸುವುದಿಲ್ಲ, ನೀವು ಊಟದ ಹೊತ್ತಿಗೆ ಓದುತ್ತಿರಬಹುದು.

ಸತ್ತ ಹೊದಿಕೆ ಬೇಡ, ಜೀವ ಇರುವ ಹೊದಿಕೆಯೇ ಆಗಲಿ ಎಂದು ಆಮೇಲೆ ಪೋರ್ಚುಲಾಕ ನೆಟ್ಟೆ. ಹತ್ತು ಗಂಟೆಗೆ ಹೂ ಅರಳಿಸುವ ಆ ಗಿಡಕ್ಕೆ ಬಿಸಿಲು ಬೇಕು. ಜುಲೈಯಲ್ಲಿ ಇಲ್ಲಿ ಹತ್ತು ಗಂಟೆಗೂ ಲೈಟ್ ಹಾಕಿಯೇ ಪೇಪರ್ ಓದಬೇಕು. ವಾರದೊಳಗೆ ಕೊಳೆತು ಲೋಳೆಯಾಯಿತು.

ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಅತ್ತೆ ಬಂದರು. ಟೆರೇಸಿಗೆ ಹೋದವರು ಸೆರಗು ತುಂಬ ಸೊಪ್ಪು ತಂದರು. ಹಟ್ಟಿಗೊಬ್ಬರದ ಜೊತೆ ಬಂದಿದ್ದ ತಜಂಕ್, ಅಂದರೆ ಚಗಟೆ ಸೊಪ್ಪು ಅದು. ನಾನು ನಾಳೆ ಕೀಳೋಣ ಎಂದು ಬಿಟ್ಟದ್ದು ಅಂದು ರಾತ್ರಿ ಪಲ್ಯವಾಯಿತು. ಹೋಗುವಾಗ, "ಬರಿ ಮಣ್ಣು ಬಿಟ್ರೆ ಕಳೆ ಬಾರದೆ ಇರ್ತದಾ?" ಎಂದು ಪ್ರತಿ ಚಟ್ಟಿಗೂ ಎರಡು ಎಳೆ ತಿಮರೆ ಊರಿ ಹೋದರು. ಒಂದೆಲಗ. ಅದಕ್ಕೆ ನಮ್ಮ ಮಳೆ ಹಬ್ಬ. ಗೆಣ್ಣು ಗೆಣ್ಣಿಗೆ ಬೇರು ಬಿಟ್ಟು ತಿಂಗಳೊಳಗೆ ಮಣ್ಣೇ ಕಾಣದ ಹಾಗೆ ಹಬ್ಬಿತು. ಕಿರುನೆಲ್ಲಿಗೆ ಜಾಗ ಇಲ್ಲ. ಜೇಕು ಮಾತ್ರ ಅದರ ನಡುವೆಯೂ ತಲೆ ಎತ್ತುತ್ತದೆ. ಅದಕ್ಕೆ ಗಡ್ಡೆ ಸಮೇತ ತೋಡುವುದೊಂದೇ ದಾರಿ, ತೋಡುತ್ತಿದ್ದೇನೆ.

ಆದರೆ ತಿಮರೆಯನ್ನು ಆಗಾಗ ಕೊಯ್ಯದಿದ್ದರೆ ಗಿಡದ ಗೊಬ್ಬರವನ್ನು ಅದೇ ನುಂಗುತ್ತದೆ. ಕೊಯ್ದರೆ ಬಿಸಾಡಲು ಮನಸ್ಸಿಲ್ಲ. ಸೋಮವಾರ ತಂಬುಳಿ, ಮಂಗಳವಾರ ಚಟ್ನಿ, ಬುಧವಾರ ಮತ್ತೆ ತಂಬುಳಿ. ತಿಮರೆಯಿಂದ ನೆನಪಿನ ಶಕ್ತಿ ಹೆಚ್ಚುತ್ತದೆ ಎನ್ನುತ್ತಾರೆ. ನನಗೆ ಹಿಂದಿನ ದಿನದ ತಂಬುಳಿಯ ನೆನಪು ಚೆನ್ನಾಗಿಯೇ ಉಳಿಯುತ್ತಿದೆ.

ನವರಾತ್ರಿ ಬಂತು. ಕದಿರು ಕಟ್ಟುವ, ಅಂದರೆ ಹೊಸ ಭತ್ತದ ತೆನೆಯನ್ನು ಬಾಗಿಲಿಗೆ ಕಟ್ಟುವ ದಿನ ಬೆಳಿಗ್ಗೆ ಮಾಸ್ಟ್ರು ಬಾಗಿಲು ತಟ್ಟಿದರು. ಸ್ನಾನ ಮುಗಿಸಿ ಬಿಳಿ ಪಂಚೆ ಉಟ್ಟಿದ್ದರು, ಕೈಯಲ್ಲಿ ಹರಿವಾಣ. ಗದ್ದೆಗಳೆಲ್ಲ ಸೈಟಾದ ಮೇಲೆ ಅವರ ಮನೆಗೆ ತೆನೆ ಬರುವುದು ಪೇಟೆಯಿಂದ. ಈ ಸಲ ಅವರು ಹೋಗುವಷ್ಟರಲ್ಲಿ ಖಾಲಿಯಾಗಿತ್ತಂತೆ.

"ನಿಮ್ಮ ಗದ್ದೆಯಿಂದ ನಾಲ್ಕು ತೆನೆ ಸಿಗ್ಬಹುದಾ?" ಎಂದರು. ಈ ಸಲ ನಗಲಿಲ್ಲ.

ಹಕ್ಕಿ ತಿಂದು ಬಿಟ್ಟದ್ದು 11 ತೆನೆ ಇತ್ತು. ಅವರಿಗೆ ಐದು ಕೊಟ್ಟೆ, ನಮ್ಮ ಬಾಗಿಲಿಗೆ ಆರು. ಹರಿವಾಣದಲ್ಲಿ ತೆನೆ ಇಟ್ಟುಕೊಂಡು ಇಳಿಯುವಾಗ ಅವರು ಮೆಟ್ಟಿಲಲ್ಲೇ ನಿಂತು, "ಹೂ ಕೂಡ ಬೇಕಿತ್ತು, ಮಲ್ಲಿಗೆ ಎಷ್ಟು ಆಗಿದೆ ಈಗ?" ಎಂದು ಕೇಳಿದರು.

"ಏಳು," ಎಂದೆ.

"ಅಟ್ಟೆಯಾ?"

"ಮೊಗ್ಗು."