ಕುಣೀರಿ, ಆದರೆ ದೀಪ ನೋಡಿಕೊಂಡು ಕುಣೀರಿ

ಬ್ರಿಟನ್‌ನಲ್ಲಿ ಮದುವೆ ಗೊತ್ತಾದರೆ ಮೊದಲು ಹಾಲ್ ಹಿಡಿಯುತ್ತಾರೆ, ಆಮೇಲೆ ಕೇಲಿ ಬ್ಯಾಂಡ್ ಹುಡುಕುತ್ತಾರೆ. ಕೇಲಿ ಅಂದರೆ ಸ್ಕಾಟ್ಲೆಂಡ್, ಐರ್ಲೆಂಡ್ ಕಡೆಯ ಗುಂಪು ಕುಣಿತ. ಒಂದು ಅಕಾರ್ಡಿಯನ್, ಒಂದು ಪಿಟೀಲು, ಡ್ರಮ್ಸು, ಜೊತೆಗೆ ಮೈಕ್ ಹಿಡಿದು ಹೆಜ್ಜೆ ಹೇಳಿಕೊಡುವ ಒಬ್ಬ ಕಾಲರ್. 'ಡ್ಯಾಶಿಂಗ್ ವೈಟ್ ಸಾರ್ಜೆಂಟ್' ಅನ್ನುವುದರಲ್ಲಿ ಮೂವರ ಎದುರು ಮೂವರು ನಿಂತು ಕುಣಿಯುತ್ತಾರೆ. 'ಸ್ಟ್ರಿಪ್ ದ ವಿಲೋ'ದಲ್ಲಿ ಎರಡು ಸಾಲು ಕಟ್ಟಿಕೊಂಡು, ಒಬ್ಬರ ತೋಳಿಂದ ಇನ್ನೊಬ್ಬರ ತೋಳಿಗೆ ಗಿರಗಿರ ತಿರುಗುತ್ತಾ ಸಾಗಬೇಕು. ನಡುವೆ ಯಾರಾದರೂ ಕೈಬಿಟ್ಟರೆ ಹುಡುಗನ ಸೋದರಮಾವ ನೇರ ಕೇಕಿನ ಮೇಜಿಗೆ. ಸ್ಕಾಟ್ಲೆಂಡಿನ ಮಕ್ಕಳಿಗೆ ಇದನ್ನೆಲ್ಲ ಕ್ರಿಸ್‌ಮಸ್ ಹತ್ತಿರ ಬಂದಾಗ ಶಾಲೆಯ ಪಿ.ಟಿ. ಪೀರಿಯಡ್ಡಿನಲ್ಲೇ ಕಲಿಸಿಬಿಡುತ್ತಾರೆ. ಇಂಗ್ಲೆಂಡಿನವರಿಗೆ ಕಾಲರೇ ಗತಿ.

ಬ್ಯಾಂಡ್ ಕರೆಸುವವರ ಬೇಡಿಕೆ ಎಲ್ಲ ಕಡೆಯೂ ಒಂದೇ. ಜೋರಾಗಿರಬೇಕು, ಮಜಾ ಬರಬೇಕು, ಕೂತ ಅಜ್ಜಿ ಎದ್ದು ಕುಣಿಯಬೇಕು. ಬ್ಯಾಂಡಿನವರು ಮಾರುವುದೂ ಅದನ್ನೇ. ಆದರೆ ಹಾಲ್‌ನವರ ಕರಾರುಪತ್ರದಲ್ಲಿ, ದೀಪ ಹಚ್ಚಿ ಹುಡುಕಿದರೆ ಕಾಣುವಷ್ಟು ಸಣ್ಣ ಅಕ್ಷರದಲ್ಲಿ, ಒಂದು ಸಾಲು ಇರುತ್ತದೆ: ಇಲ್ಲಿ ಸೌಂಡ್ ಲಿಮಿಟರ್ ಅಳವಡಿಸಿದೆ.

ಈ ಯಂತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗೋಡೆ ಮೇಲೆ ಒಂದು ಪುಟ್ಟ ಪೆಟ್ಟಿಗೆ. ಚಾವಣಿಯಿಂದ ನೇತಾಡುವ ಒಂದು ಮೈಕ್. ಪಕ್ಕದಲ್ಲಿ ಟ್ರಾಫಿಕ್ ಸಿಗ್ನಲ್ ಥರ ಹಸಿರು, ಹಳದಿ, ಕೆಂಪು ದೀಪ. ವೇದಿಕೆಯ ಪ್ಲಗ್ಗುಗಳೆಲ್ಲ ಇದರ ಕೈಯಲ್ಲಿ. ಸದ್ದು ಮಿತಿ ದಾಟಿ ಕೆಂಪು ದೀಪ ಕೆಲವು ಸೆಕೆಂಡ್ ಉರಿಯಿತೋ, ವೇದಿಕೆಯ ಕರೆಂಟ್ ಟಪ್ ಅಂತ ಹೋಗುತ್ತದೆ. ಮಿತಿಯನ್ನು 90 ಡೆಸಿಬೆಲ್ ಆಸುಪಾಸಿಗೆ ಕಟ್ಟಿಹಾಕಿದ ಹಾಲ್‌ಗಳು ಬೇಕಾದಷ್ಟಿವೆ. ಒಬ್ಬ ಡ್ರಮ್ಸಿನವನು ಮೈಕಿಲ್ಲದೆ ಮನಸ್ಸಿಟ್ಟು ನಾಲ್ಕು ಬಾರಿಸಿದರೆ ಅಷ್ಟು ಸದ್ದು ಆಗಿಯೇ ಆಗುತ್ತದೆ. ಜನ ಚಪ್ಪಾಳೆ ತಟ್ಟಿದರೂ ಆಗುತ್ತದೆ. ಹೋಳಿಗೆ ಊಟಕ್ಕೆ ಕರೆದು, ಎಲೆ ಪಕ್ಕದಲ್ಲೇ ಶುಗರ್ ಮೀಟರ್ ಹಿಡಿದು ನಿಂತ ಹಾಗೆ.

ಯಂತ್ರದ ನಿಜವಾದ ಜಾಣತನ ಕಾಣುವುದು ಕರೆಂಟ್ ಹೋದ ಮೇಲೆ. ಅಕಾರ್ಡಿಯನ್ನಿಗೆ ಕರೆಂಟ್ ಬೇಡ, ಅದು ನಿಲ್ಲುವುದಿಲ್ಲ. ಪಿಟೀಲಿಗೂ ಬೇಡ. ಡ್ರಮ್ಸಿಗಂತೂ ಬೇಡವೇ ಬೇಡ, ಅಸಲಿಗೆ ಗಲಾಟೆ ಶುರುವಾಗಿದ್ದೇ ಅದರಿಂದ. ಹಾಗಾದರೆ ಬಾಯಿ ಮುಚ್ಚಿದ್ದು ಯಾರದ್ದು? ಕಾಲರ್‌ದು! ಎಲ್ಲರಿಗೂ ದಾರಿ ಹೇಳುತ್ತಿದ್ದವನ ಮೈಕ್ ಒಂದೇ ಸತ್ತುಹೋಗಿದೆ. ಅರವತ್ತು ಜನ ಕೈಕೈ ಹಿಡಿದು ಸುತ್ತುತ್ತಿದ್ದಾರೆ, ಎಡಕ್ಕೋ ಬಲಕ್ಕೋ ಹೇಳುವವರಿಲ್ಲ. ಅರ್ಧ ಜನ ಹಿಂದೆ, ಅರ್ಧ ಜನ ಮುಂದೆ. ಬೀಗರು ಬೀಗರಿಗೆ ಡಿಕ್ಕಿ. ಕಿರುಚಾಟ ಜಾಸ್ತಿಯಾಗಿ ಕೆಂಪು ದೀಪ ಆರುವುದೇ ಇಲ್ಲ. ಸದ್ದು ಕಮ್ಮಿ ಮಾಡಲು ತಂದ ಯಂತ್ರದ ಸಾಧನೆ ಇದು. ನಮ್ಮ ಕೆಲವು ಸರ್ಕಾರಿ ಯೋಜನೆಗಳ ನೆನಪಾದರೆ ನನ್ನ ತಪ್ಪಲ್ಲ.

ಯಂತ್ರ ಬಂದದ್ದಾದರೂ ಯಾಕೆ? ಹಾಲ್ ಪಕ್ಕದ ಖಾಲಿ ಜಾಗದಲ್ಲಿ ಹೊಸ ಮನೆ ಏಳುತ್ತದೆ. ಕೊಳ್ಳಲು ಬಂದವರು ಹಾಲ್ ನೋಡಿ, 'ಎಷ್ಟು ಕಳೆಕಳೆಯಾಗಿದೆ' ಅನ್ನುತ್ತಾರೆ. ಗೃಹಪ್ರವೇಶದ ಮರುವಾರ ಕೌನ್ಸಿಲ್‌ಗೆ ದೂರು ಹೋಗುತ್ತದೆ: ಪಕ್ಕದಲ್ಲಿ ಮದುವೆ ನಡೆಯುತ್ತಿದೆ, ದಯವಿಟ್ಟು ನಿಲ್ಲಿಸಿ.

ಕಾಗದಪತ್ರದ ಕಥೆ ಬೇರೆ. ಬ್ಯಾಂಡಿಗೆ ಪಬ್ಲಿಕ್ ಲಯಬಿಲಿಟಿ ವಿಮೆ, ಅಂದರೆ ಬೇರೆಯವರಿಗೆ ನಷ್ಟವಾದರೆ ತುಂಬಿಕೊಡುವ ವಿಮೆ, ಇರಬೇಕು; ಕೆಲವು ಹಾಲ್‌ನವರು ಕೇಳುವುದು 1 ಕೋಟಿ ಪೌಂಡಿನದು. ಅಕಾರ್ಡಿಯನ್ ನುಡಿಸಿ ಅಷ್ಟು ನಷ್ಟ ಮಾಡಬೇಕೆಂದರೆ ಇಡೀ ಬೀದಿಯನ್ನೇ ಕೆಡವಬೇಕು. ಪ್ರತಿ ವೈರ್‌ಗೂ ಪರೀಕ್ಷೆಯ ಸ್ಟಿಕ್ಕರ್ ಬೇಕು, ಅದೂ ಈ ವರ್ಷದ್ದೇ. ವರ್ಷವರ್ಷ ಪರೀಕ್ಷೆ ಮಾಡಿಸಬೇಕೆಂದು ಯಾವ ಕಾನೂನೂ ಹೇಳಿಲ್ಲ ಎಂದು ಅಲ್ಲಿನ ಸುರಕ್ಷತಾ ಇಲಾಖೆಯೇ ಹೇಳುತ್ತದೆ. ಹೇಳಿಕೊಳ್ಳಲಿ, ಸ್ಟಿಕ್ಕರ್ ಎಲ್ಲಿ ತೋರಿಸಿ.

ಇದೇನು ಇವತ್ತು ಹುಟ್ಟಿದ ರೋಗವಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1964ರ ಕಾಯ್ದೆ ಪ್ರಕಾರ ಪಬ್ಬಿನಲ್ಲಿ ಇಬ್ಬರು ಹಾಡಿದರೆ ಮನರಂಜನೆಯ ಲೈಸೆನ್ಸ್ ಬೇಡವಾಗಿತ್ತು, ಮೂರನೆಯವರು ದನಿಗೂಡಿಸಿದರೆ ಬೇಕಿತ್ತು. ಇಬ್ಬರು ಅಂದರೆ ಸಂಗೀತ, ಮೂವರು ಅಂದರೆ ದೊಂಬಿ! ಇದು ಹುಚ್ಚುತನ ಅಂತ 2003ರಲ್ಲಿ ಹೊಸ ಕಾಯ್ದೆ ತಂದರು, 2005ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಹೇಗೆ ಸರಿಮಾಡಿದರು? ಒಬ್ಬನೇ ಹಾಡಿದರೂ ಲೈಸೆನ್ಸ್ ಬೇಕು ಅಂದರು. ಅದೇ ಪಬ್ಬಿನಲ್ಲಿ ದೊಡ್ಡ ಟಿವಿ ಹಾಕಿ, ಫುಟ್‌ಬಾಲ್ ನೋಡುತ್ತಾ ಗಂಟಲು ಹರಿಯುವ ಹಾಗೆ ಅರಚಿದರೆ ಈ ಲೈಸೆನ್ಸ್ ಬೇಡ. ಇನ್ನೊಂದು ವಿನಾಯಿತಿಯೂ ಇತ್ತು. ಮಾರಿಸ್ ಕುಣಿತ, ಅಂದರೆ ಕಾಲಿಗೆ ಗೆಜ್ಜೆ ಕಟ್ಟಿ, ಕರವಸ್ತ್ರ ಬೀಸಿ ಕುಣಿಯುವ ಇಂಗ್ಲಿಷರ ಜಾನಪದ, 'ಅಥವಾ ಅದೇ ಬಗೆಯ ಕುಣಿತ' ಇದ್ದರೆ ಲೈಸೆನ್ಸ್ ಕೇಳುವಂತಿಲ್ಲ. ಅದೇ ಬಗೆಯದ್ದು ಅಂದರೆ ಯಾವುದು? ವಕೀಲರಿಗೆ ಹಬ್ಬ. ಪಿಟೀಲಿನವನು ಮೊಣಕಾಲಿಗೆ ಎರಡು ಗೆಜ್ಜೆ ಬಿಗಿದುಕೊಂಡರೆ ಕೇಸು ಗೆಲ್ಲಬಹುದಿತ್ತೇನೋ. 2012ರ ಲೈವ್ ಮ್ಯೂಸಿಕ್ ಕಾಯ್ದೆ ಬಂದ ಮೇಲೆ ಕಟ್ಟು ಸ್ವಲ್ಪ ಸಡಿಲವಾಯಿತು. ಬೆಳಿಗ್ಗೆ 8ರಿಂದ ರಾತ್ರಿ 11ರ ತನಕ ಉಸಿರಾಡಬಹುದು.

ಚೀಲಕ್ಕೆ ಗಾಳಿ ತುಂಬಿ ನುಡಿಸುವ ಬ್ಯಾಗ್‌ಪೈಪರನ್ನು ಮಾತ್ರ ಇವರಾರಿಗೂ ಏನೂ ಮಾಡಲಾಗಿಲ್ಲ. ಬ್ಯಾಗ್‌ಪೈಪಿಗೆ ಪ್ಲಗ್ಗಿಲ್ಲ, ಸ್ವಿಚ್ಚಿಲ್ಲ, ವಾಲ್ಯೂಮ್ ತಿರುಗಿಸಲು ತಿರುಪಿಲ್ಲ. ಹಿಂದಿನವರಿಗೆ ಈ ಕಷ್ಟ ಚೆನ್ನಾಗಿ ಗೊತ್ತಿತ್ತು. ರಾಜನ ವಿರುದ್ಧ ಎದ್ದ ದಂಗೆಕೋರರ ಜೊತೆ ಸಿಕ್ಕಿಬಿದ್ದ ಜೇಮ್ಸ್ ರೀಡ್ ಎಂಬ ಪೈಪರ್, 1746ರ ವಿಚಾರಣೆಯಲ್ಲಿ, ನಾನು ಆಯುಧವೇ ಹಿಡಿದಿಲ್ಲ ಸ್ವಾಮಿ ಅಂದ. ಯಾರ್ಕ್‌ನ ನ್ಯಾಯಾಲಯ ಬ್ಯಾಗ್‌ಪೈಪೇ ಯುದ್ಧದ ಆಯುಧ ಅಂತ ತೀರ್ಮಾನಿಸಿ ಅವನನ್ನು ಗಲ್ಲಿಗೇರಿಸಿತು. ಅದೇ ವರ್ಷ ಸ್ಕಾಟ್ಲೆಂಡಿನ ಗುಡ್ಡಗಾಡಿನವರ ಹೈಲ್ಯಾಂಡ್ ಉಡುಪನ್ನೂ, ಅಂದರೆ ಗಂಡಸರು ಲಂಗದ ಥರ ಉಡುವ ಕಿಲ್ಟ್ ಮುಂತಾದ್ದನ್ನು, ನಿಷೇಧಿಸಿದರು, ಅದು ತೆರವಾಗಿದ್ದು 1782ರಲ್ಲಿ. ಈಗ ಅದೇ ಕಿಲ್ಟನ್ನು ಶನಿವಾರ, ಭಾನುವಾರಕ್ಕೆ ಬಾಡಿಗೆಗೆ ಕೊಡುತ್ತಾರೆ. ಸೋಮವಾರ ವಾಪಸ್ ಕೊಡದಿದ್ದರೆ ದಂಡ.

ನಮ್ಮಲ್ಲೂ ಕಾನೂನಿಗೆ ಬರವಿಲ್ಲ ಬಿಡಿ. 2000ದ ಶಬ್ದಮಾಲಿನ್ಯ ನಿಯಮ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್ ಅನ್ನುತ್ತದೆ. ನಮ್ಮ ಛತ್ರದಲ್ಲಿ ಪಾತ್ರೆ ತೊಳೆಯುವ ಸದ್ದೇ ಅದನ್ನು ದಾಟುತ್ತದೆ. ವ್ಯತ್ಯಾಸ ಇಷ್ಟೇ, ಅವರು ನಿಯಮವನ್ನು ಗೋಡೆಗೆ ಹೊಡೆದು ವೈರ್ ಎಳೆದಿದ್ದಾರೆ, ನಾವು ಫೈಲಿನಲ್ಲಿ ಇಟ್ಟು ಕಟ್ಟಿದ್ದೇವೆ.

ಅಲ್ಲಿರುವ ಕನ್ನಡಿಗರೂ ಇಂಥದೇ ಹಾಲ್‌ಗಳಲ್ಲಿ ಮದುವೆ ಮಾಡಬೇಕು ತಾನೆ. ಬೆಳಿಗ್ಗೆ ಧಾರೆ, ಸಂಜೆ ಕೇಲಿ. ಹುಡುಗಿಯ ತಂದೆ ಮತ್ತು ಹಾಲ್ ಮ್ಯಾನೇಜರ್ ಎದುರುಬದುರು ಕೂತರೆ ಮಾತು ಹೀಗೆ ಸಾಗೀತು:

'ಗಟ್ಟಿಮೇಳ ಅಂತ ಬರೆದಿದ್ದೀರಿ. ಎಷ್ಟು ನಿಮಿಷ?'

'ಮೂರು ಗಂಟು ಬೀಳೋ ತನಕ ಸರ್.'

'ಅದೇ, ಎಷ್ಟು ನಿಮಿಷ?'

'ಹುಡುಗನ ಕೈ ಎಷ್ಟು ನಡುಗುತ್ತೆ ಅನ್ನೋದರ ಮೇಲೆ.'

'ಎಷ್ಟು ಜೋರು?'

'ಯಾರಾದರೂ ಸೀನಿದರೆ ಕೇಳಿಸಬಾರದು, ಅಷ್ಟು.'

ಮ್ಯಾನೇಜರ್ ಫಾರಂ ತಿರುಗಿಸಿ, 'ಅಪಾಯ' ಅನ್ನುವ ಕಾಲಂನಲ್ಲಿ 'ಸೀನು' ಅಂತ ಬರೆದುಕೊಳ್ಳುತ್ತಾರೆ.

'ಡೋಲಿನ ಮೈಕ್ ತೆಗೆಸಬಹುದಾ?'

'ಡೋಲಿಗೆ ಮೈಕ್ ಯಾಕೆ ಸರ್?'

ಸುಮಾರು ಹೊತ್ತು ಯಾರೂ ಮಾತಾಡುವುದಿಲ್ಲ. ಕೊನೆಗೆ ಒಪ್ಪಂದ ಆಗುತ್ತದೆ. ಗಟ್ಟಿಮೇಳ 85 ಡೆಸಿಬೆಲ್ ಒಳಗೆ. ಸೀನು ಬರುವವರು ಮುಹೂರ್ತಕ್ಕೆ ಮೊದಲೇ ಕಾರ್ ಪಾರ್ಕಿಂಗ್‌ಗೆ ಹೋಗಿ ನಿಲ್ಲುವುದು. ಪಾರ್ಕಿಂಗ್ ಚಾರ್ಜು ಬೇರೆ.