ಏನೂ ಇಲ್ಲದ ಕಡೆ

ಸೋಮನಾಥನ ದರ್ಶನ ಮುಗಿಸಿ ದಿಯುವಿಗೆ ಹೊರಟಾಗ ಟ್ಯಾಕ್ಸಿಯವನು ಕನ್ನಡಿಯಲ್ಲಿ ನಮ್ಮಿಬ್ಬರನ್ನು ನೋಡಿ ಮುಗುಳ್ನಕ್ಕ. ಹೆಂಗಸರಿಲ್ಲದ ಗಂಡಸರ ಜೋಡಿ, ಪಾನನಿಷೇಧದ ಗುಜರಾತಿನಿಂದ ದಿಯುವಿಗೆ. ಇನ್ನೇನು ಹೇಳಬೇಕು? ಪಕ್ಕದಲ್ಲಿ ಕೂತ ನನ್ನ ಭಾವ ಪ್ರಯಾಣದಲ್ಲಿಯೂ ಫ್ಲಾಸ್ಕಿನಲ್ಲಿ ಕೊತ್ತಂಬರಿ ಕಷಾಯ ಹೊತ್ತು ತರುವವರೆಂದು ಅವನಿಗೆ ಹೇಗೆ ಗೊತ್ತಾಗಬೇಕು.

ದಿಯು ಎಂಬ ಹೆಸರು ಬಂದದ್ದೇ ದ್ವೀಪ ಎಂಬ ಶಬ್ದದಿಂದ. ಹಾಗಾಗಿ ‘ದಿಯು ದ್ವೀಪ’ ಎಂದರೆ ‘ದ್ವೀಪ ದ್ವೀಪ’ ಎಂದಂತೆ. ಎರಡು ಸಲ ಹೇಳಿದರೂ ಅದೇನೂ ದೊಡ್ಡದಾಗುವುದಿಲ್ಲ. ಇಡೀ ಜಿಲ್ಲೆಯೇ ಸುಮಾರು 40 ಚದರ ಕಿಲೋಮೀಟರ್. ಭಾವ ಊರಿನಲ್ಲಿಯೇ ಪಟ್ಟಿ ಬರೆದುಕೊಂಡು ಬಂದಿದ್ದರು. 1535ರಲ್ಲಿ ಪೋರ್ಚುಗೀಸರು ಕಟ್ಟಲು ತೊಡಗಿದ ಕೋಟೆ, ಸಂತ ಪಾಲರ ಚರ್ಚು, ಅಲೆಗಳೇ ಅಭಿಷೇಕ ಮಾಡುವ ಗಂಗೇಶ್ವರದ ಐದು ಲಿಂಗಗಳು, ನಾಗೋವಾ ಕಡಲತೀರ. ಬೆಳಗ್ಗೆ ಎಂಟಕ್ಕೆ ಶುರು ಮಾಡಿ ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲದಕ್ಕೂ ಟಿಕ್ ಬಿದ್ದಾಗಿತ್ತು. ಕೊಠಡಿಗೆ ಮೂರು ರಾತ್ರಿಯ ಹಣ ಕಟ್ಟಿದ್ದೆವು.

“ಇನ್ನೇನುಂಟು ಮಾರಾಯರೇ ನೋಡಲಿಕ್ಕೆ?” ಎಂದರು ಭಾವ, ದ್ವೀಪವನ್ನು ಇಷ್ಟು ಗಿಡ್ಡವಾಗಿ ಮಾಡಿದವನು ನಾನೇ ಎಂಬಂತೆ.

ಆಟೋದವನನ್ನು ಕೇಳಿದೆವು. ಊರಿನ ಕೋಟೆಗೋಡೆಯ ಹೊರಗೆ ನೈಡಾ ಎಂಬ ಗುಹೆಗಳಿವೆಯಂತಲ್ಲ? “ಅಲ್ಲಿ ಏನೂ ಇಲ್ಲ ಸಾಹೇಬರೇ, ಬರೀ ಕಲ್ಲಿನ ಹೊಂಡ” ಎಂದ. ಬಾಡಿಗೆ ಸಿಗುವ ದಾರಿಯನ್ನು ತಾನಾಗಿಯೇ ಮುಚ್ಚುವ ಆಟೋದವನ ಮಾತು ಸುಳ್ಳಿರಲಾರದು ಎಂದುಕೊಂಡೇ ಹೋದೆವು.

ಅವನು ಹೇಳಿದ್ದು ಅಕ್ಷರಶಃ ನಿಜ. ಈಚೆಗೆ ಮೊಬೈಲ್ ಹಿಡಿದ ಹುಡುಗ ಹುಡುಗಿಯರು ಬರುತ್ತಾರೆ, ಅಷ್ಟೇ. ಕೋಟೆಗೆಂದು ಕಲ್ಲು ತೆಗೆಯುತ್ತ ತೆಗೆಯುತ್ತ ಉಳಿದ ಪೊಳ್ಳು ಅದು ಎನ್ನುತ್ತಾರೆ. ಒಳಹೊಕ್ಕರೆ ಓಣಿಯಿಂದ ಓಣಿಗೆ ದಾರಿ, ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಗೋಡೆ, ನೆತ್ತಿಯ ಕಿಂಡಿಗಳಿಂದ ಬೀಳುವ ಬೆಳಕಿನ ಕೋಲು. ಭಾವ ಗೋಡೆಯ ಮೇಲೆ ಅಂಗೈ ಇಟ್ಟು, ಉಳಿಯ ಗೀರುಗಳನ್ನು ಸವರಿ, “ಇದು ನಮ್ಮ ಮುರಕಲ್ಲಿನ ಕೋರೆಯೇ ಅಲ್ಲವೋ!” ಎಂದರು. ನಮ್ಮ ಕಡೆ ಕಲ್ಲು ತೆಗೆದ ಹೊಂಡದಲ್ಲಿ ಮಳೆನೀರು ತುಂಬುತ್ತದೆ, ಎಮ್ಮೆ ಬೀಳುತ್ತದೆ, ಪಂಚಾಯತಿಗೆ ಅರ್ಜಿ ಹೋಗುತ್ತದೆ. ಇಲ್ಲಿ ಅದಕ್ಕೆ ಗುಹೆ ಎಂಬ ಪದವಿ. ಬೆಳಗ್ಗೆ ಕೋಟೆಯ ಬುರುಜಿನ ಮೇಲೆ ಐದು ನಿಮಿಷಕ್ಕೇ ಬಿಸಿಲೆಂದು ಗೊಣಗಿದವರು ಈ ತಂಪಿನಲ್ಲಿ ಒಂದು ಗಂಟೆ ಅಲೆದರು. ಕೋಟೆ ಇಲ್ಲಿಂದ ಎದ್ದುಹೋದ ಹಾಗಿತ್ತು. ಎದ್ದವನ ಹಾಸಿಗೆಯಲ್ಲಿ ತಗ್ಗು ಉಳಿಯುವುದಿಲ್ಲವೇ, ಹಾಗೆ.

ಮರುದಿನ ಭಾವ ಪಟ್ಟಿಯನ್ನು ಲಾಡ್ಜಿನಲ್ಲಿಯೇ ಬಿಟ್ಟರು. ನಾಗೋವಾದ ದಾರಿಯಲ್ಲಿ ಆಟೋ ನಿಲ್ಲಿಸಿ ಇಳಿದವರು ಸೊಂಟಕ್ಕೆ ಕೈಕೊಟ್ಟು ಒಂದು ಮರವನ್ನು ನೋಡುತ್ತ ನಿಂತೇಬಿಟ್ಟರು. ಹಿಂದಿನ ದಿನ ಇದೇ ಮರಗಳ ನಡುವೆ ಹಾದುಹೋಗಿದ್ದೆವು, ಕಂಡಿರಲಿಲ್ಲ. ತೆಂಗು, ಅಡಿಕೆ, ಬೈನೆ, ತಾಳೆ ಇವೆಲ್ಲ ಒಂದೇ ಕಾಂಡದ ಕುಲ. ಅಡಿಕೆ ಮರ ಕವಲೊಡೆದರೆ ನಮ್ಮಲ್ಲಿ ಊರೇ ನೋಡಲು ಬರುತ್ತದೆ. ಇಲ್ಲಿಯ ಹೊಕ್ಕಾ ಎಂಬ ಈ ತಾಳೆಜಾತಿಯ ಮರಕ್ಕೆ ಅದು ದಿನನಿತ್ಯದ ಸಂಗತಿ. ಒಂದು ಎರಡಾಗಿ, ಎರಡು ನಾಲ್ಕಾಗಿ, ಪ್ರತಿ ತುದಿಯಲ್ಲಿಯೂ ಬೀಸಣಿಗೆ ಎಲೆಗಳ ಗೊಂಚಲು. ಪೋರ್ಚುಗೀಸರು ಆಫ್ರಿಕಾದಿಂದ ತಂದದ್ದು ಎಂದು ಸ್ಥಳೀಯರ ಮಾತು. ಸಸ್ಯಶಾಸ್ತ್ರಜ್ಞರು ಇದನ್ನು ಹೈಫೀನಿ ಡೈಕಾಟಮಾ ಎಂದು ಕರೆದು ಭಾರತದ್ದೇ ಗಿಡಗಳ ಲೆಕ್ಕಕ್ಕೆ ಸೇರಿಸುತ್ತಾರೆ. ಭಾವನಿಗೆ ಇವೆರಡೂ ಬೇಕಿರಲಿಲ್ಲ. “ಕೊನೆ ಕೊಯ್ಯುವವನು ಇದಕ್ಕೆ ಹತ್ತಿದರೆ ಯಾವ ಕಡೆಗೆ ಹೋಗಬೇಕು?” ಎಂಬುದೇ ಅವರ ಚಿಂತೆ. ಬುಡದಲ್ಲಿ ಬಿದ್ದಿದ್ದ ಕಂದು ಕಾಯಿಯೊಂದನ್ನು ಕಚ್ಚಿ ನೋಡಿದೆವು. ನಾರೇ ಹೆಚ್ಚು, ಸಿಹಿ ನೆಪಕ್ಕೆ.

ಪಶ್ಚಿಮದ ತುದಿಯಲ್ಲಿ ವಣಕ್‌ಬಾರಾ. ಮೀನುಗಾರರ ಊರು, ಬಣ್ಣಬಣ್ಣದ ದೋಣಿಗಳು, ಮಲ್ಪೆಯದೇ ವಾಸನೆ. ಭಾವ ಮೂಗಿಗೆ ಶಲ್ಯ ಹಿಡಿದು ಬೇಗ ಬೇಗ ದಾಟಿದರು. ದಾರಿಯಲ್ಲಿ ಚಂದದ ಮನೆಗಳಿಗೆ ಬೀಗ. 1961ರ ಡಿಸೆಂಬರಿನಲ್ಲಿ ದಿಯು ಭಾರತಕ್ಕೆ ಸೇರುವ ಮೊದಲು ಇಲ್ಲಿ ಹುಟ್ಟಿದವರೂ ಅವರ ಮಕ್ಕಳೂ ಪೋರ್ಚುಗಲ್ಲಿನ ಪೌರತ್ವ ಪಡೆಯಬಹುದು; ಹಾಗೆ ಪಡೆದು ಇಂಗ್ಲೆಂಡಿಗೆ ದುಡಿಯಲು ಹೋದ ಮನೆಗಳು ಬಹಳ. ಬೀಗ ಹಾಕಿದ ಗೇಟಿನ ಮುಂದೆ ಭಾವ ಸ್ವಲ್ಪ ನಿಧಾನಿಸಿದರು. ಅವರ ಮಗಳಿರುವುದು ದುಬೈಯಲ್ಲಿ, ಮಗ ಬೆಂಗಳೂರಿನಲ್ಲಿ. ಏನೂ ಹೇಳಲಿಲ್ಲ, ಅಂಗಳದ ಕಸ ನೋಡಿ, “ಗುಡಿಸಲಿಕ್ಕೆ ಯಾರಿಗಾದರೂ ಹೇಳಿ ಹೋಗಬೇಕಿತ್ತು” ಎಂದರು.

ವಾಪಸು ಬರುವಾಗ ಗಡಿಯ ತಪಾಸಣೆಯಲ್ಲಿ ಪೊಲೀಸಿನವನು ಬಾಟಲಿ ಹುಡುಕಿ ಭಾವನ ಚೀಲಕ್ಕೆ ಕೈಹಾಕಿದ. ಸಿಕ್ಕಿದ್ದು ಕಷಾಯದ ಫ್ಲಾಸ್ಕು ಮತ್ತು ನಾಲ್ಕು ಹೊಕ್ಕಾ ಕಾಯಿ. ಫ್ಲಾಸ್ಕು ಮೂಸಿ, ಮುಖ ಕಿವಿಚಿ, ಹೋಗಿ ಎಂದ.

ನಾಲ್ಕರಲ್ಲಿ ಒಂದು ಭಾವನ ತೋಟದ ಅಂಚಿನಲ್ಲಿ ಮೊಳೆತಿದೆ. ಸದ್ಯಕ್ಕೆ ಹುಲ್ಲಿನಂಥ ಒಂದೇ ಎಲೆ. ಕೆಲಸದಾಳು ಅದನ್ನು ಈಚಲೆಂದು ಎರಡು ಸಲ ಕೀಳಲು ಹೊರಟಿದ್ದನಂತೆ. ಭಾವ ಈಗ ಅದರ ಸುತ್ತ ಮುರಕಲ್ಲು ಇಟ್ಟಿದ್ದಾರೆ.