ಮಾಟುಂಗದ ಮೆಟ್ಟಿಲು, ಮಲ್ಲೇಶ್ವರದ ಮನೆ

ಮುಂಬೈಗೆ ಬಂದು ಇಪ್ಪತ್ತೆರಡು ವರ್ಷ ಆಯಿತು. ಇರುವುದು ಮಾಟುಂಗದ ಒಂದು ಹಳೇ ಬಿಲ್ಡಿಂಗಿನಲ್ಲಿ. ಮುಂಗೋಡೆ ಮೇಲೆ ಗಾರೆಯಲ್ಲೇ ಬರೆದ ಹೆಸರು, ಅದರ ಕೆಳಗೆ 1938 ಅಂತ ಇಸವಿ. ಬಾಲ್ಕನಿಗಳ ಮೂಲೆ ದುಂಡಗಿವೆ. ಮೆಟ್ಟಿಲ ಪಕ್ಕದ ತೇಗದ ಹಿಡಿಕೆ ಮೂರು ತಲೆಮಾರಿನ ಕೈ ತಾಗಿ ತಾಗಿ ನುಣ್ಣಗಾಗಿದೆ. ತಿರುವಿನಲ್ಲಿ ಒಂದು ಕಡೆ ಮಾತ್ರ ಸಣ್ಣ ಕಚ್ಚು. ಬೀರು ಇಳಿಸುವಾಗ ತಾಗಿದ್ದು ಅಂತ ಕೆಳಗಿನ ಮನೆಯ ಅಜ್ಜ ಹೇಳುತ್ತಾರೆ. ಯಾರ ಬೀರು, ಯಾರ ಮದುವೆಗೆ ಬಂದದ್ದು, ಎಲ್ಲಾ ಅವರಿಗೆ ನೆನಪಿದೆ.

ಬೆಂಗಳೂರಿನಲ್ಲಿ ನಮ್ಮ ಅಜ್ಜಿ ಮನೆ ಇದ್ದದ್ದು ಮಲ್ಲೇಶ್ವರದಲ್ಲಿ. ಅದು ಈಗಿಲ್ಲ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನೆಲ್ಲಾ ಬರೆಯುತ್ತಿದ್ದೇನೆ.

ಈ ಎರಡು ಬಡಾವಣೆಗಳಿಗೂ ಒಂದು ನಂಟಿದೆ. ಎರಡೂ ಬೆಳೆದದ್ದು ಪ್ಲೇಗಿನಿಂದ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಇಕ್ಕಟ್ಟಿನ ಕೇರಿಗಳಿಂದ ಜನರನ್ನು ಹೊರಗೆ ತರಬೇಕು ಅಂತ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಶುರುವಾಯಿತು. ದಾದರ್, ಮಾಟುಂಗದ ಅಗಲ ರಸ್ತೆಗಳನ್ನು ಹಾಕಿದ್ದು ಅದೇ ಟ್ರಸ್ಟ್. ಅದೇ 1898ರಲ್ಲಿ ಬೆಂಗಳೂರಿಗೂ ಪ್ಲೇಗ್ ಬಂತು. ಪೇಟೆಯ ಜನ ಮಲ್ಲೇಶ್ವರ, ಬಸವನಗುಡಿಗೆ ಬಂದರು. ನಮ್ಮ ಅಜ್ಜಿಯ ಅತ್ತೆಯೂ ಹಾಗೇ ಚಿಕ್ಕಪೇಟೆ ಬಿಟ್ಟು ಬಂದವರಂತೆ. "ಇಲಿ ಬಿತ್ತು ಅಂದ್ರೆ ಮುಗೀತು, ಹಂಡೆ ಹೊತ್ಕೊಂಡು ಹೊರಡೋದೇ" ಅಂತ ಅಜ್ಜಿ ಹೇಳುತ್ತಿದ್ದರು. ಆ ತಾಮ್ರದ ಹಂಡೆ ನಾನು ಹುಡುಗನಾಗಿದ್ದಾಗಲೂ ಬಚ್ಚಲಮನೆಯಲ್ಲಿತ್ತು.

ಹಾಗಾದರೆ ಮಾಟುಂಗದ ಕಟ್ಟಡ ಉಳಿದು ಮಲ್ಲೇಶ್ವರದ ಮನೆ ಯಾಕೆ ಹೋಯಿತು? ಮುಂಬೈ ಜನರಿಗೆ ಅಭಿಮಾನ ಜಾಸ್ತಿ ಅನ್ನುವುದು ಪೂರ್ತಿ ಉತ್ತರ ಅಲ್ಲ. ಇಲ್ಲಿ 1947ರ ಬಾಡಿಗೆ ಕಾಯ್ದೆ ಹಳೇ ಬಾಡಿಗೆಗಳನ್ನು ಏರದ ಹಾಗೆ ಹಿಡಿದಿಟ್ಟಿತು. ಬಾಡಿಗೆದಾರರು ಕದಲಲಿಲ್ಲ, ಮಾಲೀಕರಿಗೆ ಕೆಡವಲು ಆಗಲಿಲ್ಲ. ರಿಪೇರಿ ಮಾಡಿಸುವ ಮನಸ್ಸೂ ಬರಲಿಲ್ಲ. ಮಳೆಗಾಲ ಬಂತೆಂದರೆ ನಮ್ಮ ಬಿಲ್ಡಿಂಗಿನ ಛಾವಣಿಗೂ ನೀಲಿ ತಾಡಪಾಲು. ಎಷ್ಟೋ ಕಟ್ಟಡಗಳು ಸೋರಿ ಸೋರಿ ಕುಸಿದಿವೆ. ಈಗ ರೀಡೆವಲಪ್‌ಮೆಂಟ್ ಅಂತ ಒಂದೊಂದಾಗಿ ಕೆಳಗಿಳಿಯುತ್ತಿವೆ.

ಬೆಂಗಳೂರಿನ ಹಳೇ ಬಡಾವಣೆಯ ಲೆಕ್ಕವೇ ಬೇರೆ. ಒಂದು ಸೈಟು, ಒಂದು ಮನೆ, ಒಂದು ಕುಟುಂಬ. ಅಜ್ಜಿ ಹೋದ ಮೇಲೆ ಐದು ಮಕ್ಕಳಿಗೆ ಪಾಲಾಗಬೇಕು. ಮನೆಯನ್ನು ಐದು ತುಂಡು ಮಾಡಲಾಗುವುದಿಲ್ಲ, ದುಡ್ಡನ್ನು ಮಾಡಬಹುದು. ಯಾರದೂ ತಪ್ಪಲ್ಲ. ಆದರೆ ಕಿಟಕಿ ಮೇಲೆ ಚೂಪಾಗಿ ನಿಂತಿದ್ದ ಮರದ ಮಾಡು ಅಂದರೆ ಮಂಕಿ ಟಾಪು, ಅಂಗಾಲಿಗೆ ತಣ್ಣಗಿರುತ್ತಿದ್ದ ರೆಡ್ ಆಕ್ಸೈಡ್ ನೆಲ, ಜಗಲಿ, ಎಲ್ಲಾ ಒಂದೇ ವಾರದಲ್ಲಿ ಲಾರಿ ಹತ್ತಿತು.

ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು. ಮುಂಬೈಯಲ್ಲಿ ಕಟ್ಟಡದ ಕಥೆ ಬೀದಿಗೆಲ್ಲಾ ಗೊತ್ತಿರುತ್ತದೆ. 1995ರಲ್ಲೇ ಇಲ್ಲಿ ಪಾರಂಪರಿಕ ಕಟ್ಟಡಗಳಿಗೆ ನಿಯಮ ಬಂತು. ಓವಲ್ ಮೈದಾನ, ಮರೀನ್ ಡ್ರೈವ್ ಕಡೆಯ ಕಟ್ಟಡಗಳಿಗೆ 2018ರಲ್ಲಿ ಯುನೆಸ್ಕೋ ಮನ್ನಣೆ ಸಿಕ್ಕಿತು. ಅದರಲ್ಲಿ ಸಾಮಾನ್ಯ ಜನ ಸಂಸಾರ ಮಾಡುವ ಆರ್ಟ್ ಡೆಕೊ ಫ್ಲ್ಯಾಟುಗಳೂ ಇವೆ. ಅದು ನನಗೆ ತುಂಬಾ ಹಿಡಿಸಿತು. ನಮ್ಮವರ ನೆನಪಿಗೂ ಇಲ್ಲಿ ಜಾಗ ಇದೆ. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದ್ದು. ಸ್ಟೇಷನ್ ಹತ್ತಿರದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಊಟ ಬಡಿಸುತ್ತಿದೆ. ಹೂವಿನ ಅಂಗಡಿಯವರನ್ನು ಕೇಳಿದರೂ ಇದರ ಬಗ್ಗೆ ನಾಲ್ಕು ಮಾತು ಹೇಳುತ್ತಾರೆ.

ಬೆಂಗಳೂರಿನಲ್ಲಿ ನಾವು ದೊಡ್ಡದಕ್ಕೆ ನಿಂತಿದ್ದೇವೆ. 1868ರ ಅಠಾರ ಕಚೇರಿಯನ್ನು, ಅಂದರೆ ಈಗಿನ ಹೈಕೋರ್ಟ್ ಕಟ್ಟಡವನ್ನು, ಕೆಡವುವ ಮಾತು 1980ರ ದಶಕದಲ್ಲಿ ಬಂದಾಗ ಜನ ಕೋರ್ಟಿಗೆ ಹೋದರು. ಕಟ್ಟಡ ಇವತ್ತೂ ನಿಂತಿದೆ. ಆದರೆ ಮಲ್ಲೇಶ್ವರ, ಬಸವನಗುಡಿಯ ಇತಿಹಾಸ ಇರುವುದು ಮನೆಗಳಲ್ಲಿ ಅಲ್ವಾ? ಆ ಮನೆ ಕಥೆ ಮನೆಯವರಿಗೆ ಮಾತ್ರ ಗೊತ್ತು. ಮನೆ ಬಿದ್ದು, ಹಿರಿಯರು ಹೋದರೆ ಎರಡೂ ಒಟ್ಟಿಗೆ ಹೋಗುತ್ತವೆ.

ಮಾರಬೇಡಿ ಅಂತ ದೂರದಲ್ಲಿ ಕೂತು ಯಾರಿಗೂ ಹೇಳಲಾರೆ. ನಾವೂ ಮಾರಿದವರೇ. ಆದರೆ ಕೀಲಿ ಕೊಡುವ ಮೊದಲು ಒಂದು ಭಾನುವಾರ ಇಟ್ಟುಕೊಳ್ಳಿ. ಪ್ರತಿ ಕೋಣೆಯ ಫೋಟೋ ತೆಗೆಯಿರಿ. ಟೇಪು ಹಿಡಿದು ನಕ್ಷೆ ಬರೆಯಿರಿ. ಹಿರಿಯರನ್ನು ಜಗಲಿಯಲ್ಲಿ ಕೂರಿಸಿ ಮಾತಾಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಪಕ್ಕದ ಮನೆಯವರನ್ನೂ ಕರೆಯಿರಿ. ಅವರಿಗೆ ಗೊತ್ತಿರುವುದು ನಮಗೆ ಗೊತ್ತಿರುವುದಿಲ್ಲ.

ನಾವು ಆಗ ಅದನ್ನು ಮಾಡಲಿಲ್ಲ. ಹೋದ ದೀಪಾವಳಿಗೆ ಊರಿಗೆ ಹೋದಾಗ ದೊಡ್ಡಪ್ಪನ ಮುಂದೆ ಒಂದು ಹಳೇ ಲಗ್ನಪತ್ರಿಕೆಯ ಖಾಲಿ ಹಿಂಬದಿ ಇಟ್ಟು, ಮನೆಯ ನಕ್ಷೆ ಬರೆಯಿರಿ ಅಂತ ಪೆನ್ನು ಕೊಟ್ಟೆ. ಎಂಬತ್ತಮೂರು ವರ್ಷ, ಕೈ ಸ್ವಲ್ಪ ನಡುಗುತ್ತದೆ. ನಡುಮನೆ ಬರೆದರು, ದೇವರಮನೆ ಬರೆದರು, ಹಿತ್ತಲ ಬಾವಿ ಬರೆದರು. ಬಚ್ಚಲಮನೆಗೆ ಬಂದಾಗ ಅತ್ತೆ ತಡೆದರು. "ಹಂಡೆ ಆ ಮೂಲೇಲಿ ಇರ್ಲಿಲ್ಲ ಕಣೋ, ಬಾಗಿಲ ಪಕ್ಕ ಇತ್ತು." ಆ ಮೂಲೆ ಮಾತ್ರ ಇನ್ನೂ ಖಾಲಿ ಇದೆ. ಯುಗಾದಿಗೆ ಮತ್ತೆ ಹೋಗುತ್ತಿದ್ದೇನೆ, ಪತ್ರಿಕೆ ಬ್ಯಾಗಿನಲ್ಲಿಟ್ಟುಕೊಂಡಿದ್ದೇನೆ.